ಕುದುರೆ ಮರಿ ಕೆಮ್ಮುತ್ತಿದೆಯಾ? ಆ್ಯಂಟಿಬಯೋಟಿಕ್ ಕೊಡುವ ಮುಂಚೆ ಇದನ್ನು ಓದಿ

ದಾವಣಗೆರೆ ಕಡೆ ಮಾರ್ಚ್, ಏಪ್ರಿಲ್ ಬಂತೆಂದರೆ ಲಾಯದ ಮುಂದಿನ ಲದ್ದಿ ಒಣಗಿ ಪುಡಿಯಾಗಿ ಮಣ್ಣಿನ ಜೊತೆ ಗಾಳಿಗೆ ಏಳುತ್ತದಲ್ಲ, ರೋಡೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಮರಿಯ ಮೂಗಿಗೆ ಹೋಗುವುದು ಅದರಲ್ಲೇ. ದೊಡ್ಡ ಕುದುರೆಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆರು ತಿಂಗಳೊಳಗಿನ ಮರಿಗೆ ಮಾತ್ರ ಶ್ವಾಸಕೋಶದಲ್ಲಿ ಕೀವುಗಡ್ಡೆ ಕಟ್ಟುತ್ತದೆ.

ಮೋಸ ಆಗುವುದು ಎಲ್ಲಿ ಅಂದರೆ, ಮರಿ ಹಾಲು ಕುಡಿಯುತ್ತದೆ, ಕುಣಿಯುತ್ತದೆ, ಚೆನ್ನಾಗೇ ಇದೆ ಅನಿಸುತ್ತದೆ. ಮಲಗಿರುವಾಗ ಪಕ್ಕೆ ನೋಡಿ ಉಸಿರು ಎಣಿಸಿ. ನಿಮಿಷಕ್ಕೆ 40 ದಾಟಿದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ, ಜ್ವರ 102 ಡಿಗ್ರಿ ಮೇಲಿದ್ದರೆ ಅವತ್ತೇ ಪಶುವೈದ್ಯರಿಗೆ ತೋರಿಸಿ. ಸ್ಕ್ಯಾನಿಂಗ್ ಮಾಡಿಸಿ, ಆದರೆ ಗಂಟಲ ಕೊಳವೆಯ ದ್ರವ ತೆಗೆಸಿ ಲ್ಯಾಬಿಗೂ ಕಳಿಸಿ. ಸಣ್ಣ ಗಡ್ಡೆ ಇದ್ದು ಮರಿ ಲವಲವಿಕೆಯಿಂದಿದ್ದರೆ ಔಷಧಿ ಇಲ್ಲದೆ ಕರಗುವುದೂ ಉಂಟು.

ಮನೆಯಲ್ಲಿ ಉಳಿದ ಪೆನ್ಸಿಲಿನ್ ಚುಚ್ಚಬೇಡಿ. ಈ ಬ್ಯಾಕ್ಟೀರಿಯಾ ಅಡಗುವುದು ರೋಗದ ವಿರುದ್ಧ ಹೋರಾಡುವ ಕಣಗಳ ಹೊಟ್ಟೆಯೊಳಗೇ, ಪೆನ್ಸಿಲಿನ್ ಅಲ್ಲಿಗೆ ಮುಟ್ಟುವುದಿಲ್ಲ. ವೈದ್ಯರು ಸಾಮಾನ್ಯವಾಗಿ ಬರೆಯುವುದು ಎರಡು ಔಷಧಿ ಸೇರಿಸಿ: ಅಜಿತ್ರೋಮೈಸಿನ್ ಕೆಜಿಗೆ 10 ಮಿಲಿಗ್ರಾಂ, ಮೊದಲ ಐದು ದಿನ ದಿನಕ್ಕೊಮ್ಮೆ, ಆಮೇಲೆ ದಿನ ಬಿಟ್ಟು ದಿನ. ಜೊತೆಗೆ ರಿಫಾಂಪಿಸಿನ್, ಟಿಬಿಗೆ ಕೊಡುತ್ತಾರಲ್ಲ ಅದೇ, ಕೆಜಿಗೆ 5 ಮಿಲಿಗ್ರಾಂ, ದಿನಕ್ಕೆರಡು ಸಲ. ರಿಫಾಂಪಿಸಿನ್ ಒಂದನ್ನೇ ಕೊಟ್ಟರೆ ಬ್ಯಾಕ್ಟೀರಿಯಾ ಬೇಗ ಅದಕ್ಕೆ ಒಗ್ಗಿಬಿಡುತ್ತದೆ.

ಈಗ ತೂಕ. ಕಣ್ಣಳತೆಯಲ್ಲಿ ಹೇಳಬೇಡಿ, ನಮ್ಮ ಪಕ್ಕದ ಮೆಕ್ಕೆಜೋಳದ ವ್ಯಾಪಾರಿಯ ಚೀಲ ತೂಗುವ ಯಂತ್ರದ ಮೇಲೆ ನಾನು ಮರಿಯನ್ನು ಅಪ್ಪಿಕೊಂಡು ನಿಂತು ನನ್ನ ತೂಕ ಕಳೆದೆ. ಅಂದಾಜು 45 ಅಂದುಕೊಂಡಿದ್ದು, ಬಂದದ್ದು 60! ಮರಿ ದಿನದಿನಕ್ಕೂ ಬೆಳೆಯುತ್ತದೆ, ಹಾಗಾಗಿ ವಾರಕ್ಕೊಮ್ಮೆ ತೂಗಿ ಡೋಸ್ ಸರಿಪಡಿಸಿಕೊಳ್ಳಿ. ಮಾತ್ರೆ ಪುಡಿ ಮಾಡಿ ಸ್ವಲ್ಪ ಬೆಲ್ಲದ ನೀರಲ್ಲಿ ಕಲಸಿ, ಸೂಜಿ ತೆಗೆದ ಸಿರಿಂಜಿನಲ್ಲಿ ಕೆನ್ನೆಯ ಸಂದಿಗೆ ಬಿಡಿ.

ಆಮೇಲೆ ಮರಿಯ ಬಾಯಿ ಚೆನ್ನಾಗಿ ಒರೆಸಿ. ಇದನ್ನು ಯಾರೂ ಹೇಳುವುದಿಲ್ಲ, ತಾಯಿ ಕುದುರೆ ಮರಿಯ ಮೂತಿ ನೆಕ್ಕಿ ಈ ಔಷಧಿ ಸ್ವಲ್ಪವೇ ಹೊಟ್ಟೆಗೆ ಹೋದರೂ ಭೇದಿಯಾಗಿ ಸಾಯಬಹುದು. ಮರಿಗೂ ಭೇದಿ ಜಾಸ್ತಿಯಾದರೆ ಮುಂದಿನ ಡೋಸ್ ಕೊಡುವ ಮುಂಚೆ ವೈದ್ಯರಿಗೆ ಫೋನ್ ಮಾಡಿ. ಮಧ್ಯಾಹ್ನ ಬಿಸಿಲಿಗೆ ಬಿಡಲೇಬೇಡಿ, ಈ ಔಷಧಿಯಲ್ಲಿ ಬೆವರು ಸರಿಯಾಗಿ ಬಾರದೆ ಮೈ ಕಾದುಬಿಡುತ್ತದೆ.

ಎರಡು ವಾರಕ್ಕೆ ಕೆಮ್ಮು ನಿಂತಿತು ಅಂತ ನಾನೂ ಒಮ್ಮೆ ನಿಲ್ಲಿಸಿದ್ದೆ, ಹತ್ತೇ ದಿನಕ್ಕೆ ಜ್ವರ ವಾಪಸ್. ನಾಲ್ಕರಿಂದ ಹನ್ನೆರಡು ವಾರ ಬೇಕಾಗಬಹುದು, ನಿಲ್ಲಿಸುವುದು ಸ್ಕ್ಯಾನಿಂಗ್ ನೋಡಿ ವೈದ್ಯರು ಹೇಳಿದ ಮೇಲೆ. ನಡುವೆ ಮರಿಯ ಮೂತ್ರ ಕೆಂಪಗೆ ಬಂದರೆ ಗಾಬರಿಯಾಗಬೇಡಿ, ಅದು ರಿಫಾಂಪಿಸಿನ್ ಬಣ್ಣ, ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ ಅಷ್ಟೇ.