ಲೈಟ್ ಸ್ಟೀಲ್ ಪ್ಯಾರಪೆಟ್: ಲೆಕ್ಕ ಬುಡದಿಂದ ಶುರುವಾಗಲಿ

ಪ್ಯಾರಪೆಟ್‌ಗೆ ಮೇಲೆ ಆಸರೆಯಿಲ್ಲ. ಗಾಳಿಯನ್ನೆಲ್ಲ ಬುಡವೇ ತಾಳಬೇಕು. ಎತ್ತರ 1.2 ಮೀ., ಸ್ಟಡ್ (ತೆಳು ಉಕ್ಕಿನ ನೆಟ್ಟನೆಯ ಕಂಬ) ಅಂತರ 0.4 ಮೀ., ಗಾಳಿಯ ಹೊರಮುಖದ ಒತ್ತಡ, ಒಳಮುಖದ ಸೆಳೆತ ಸೇರಿ ಚದರ ಮೀಟರಿಗೆ 1.5 ಕಿಲೋನ್ಯೂಟನ್ ಎಂದುಕೊಳ್ಳಿ. ಪ್ರತಿ ಸ್ಟಡ್ ಮೇಲಿನ ಭಾರ ಮೀಟರಿಗೆ 1.5 × 0.4 = 0.6 ಕಿಲೋನ್ಯೂಟನ್, ಬುಡದ ಮೊಮೆಂಟ್ (ಬಾಗಿಸುವ ಬಲ) 0.6 × 1.2² ÷ 2 = 0.43 ಕಿಲೋನ್ಯೂಟನ್-ಮೀಟರ್ (ಸುರಕ್ಷತಾ ಗುಣಕ ಇನ್ನೂ ಸೇರಿಲ್ಲ). ಎತ್ತರ ದುಪ್ಪಟ್ಟಾದರೆ ಇದು ನಾಲ್ಕು ಪಟ್ಟು.

ಸಾಮಾನ್ಯವಾಗಿ ಕೈಕೊಡುವುದು ಸ್ಟಡ್ ಅಲ್ಲ, ಜೋಡಣೆ. ಸ್ಟಡ್ ಕೂರುವ ತಳದ ಉಕ್ಕಿನ ಪಟ್ಟಿಯಾದ ಟ್ರ್ಯಾಕ್‌ಗೆ ಎರಡು ಸ್ಕ್ರೂ ಹೊಡೆದರೆ ಅದು ಕೀಲಿನಂತೆ ತಿರುಗುತ್ತದೆ. ಸ್ಟಡ್ಡನ್ನು ಸ್ಲ್ಯಾಬ್ ಅಂಚಿನ ಹೊರಗೆ ಕೆಳಮಹಡಿಯಿಂದಲೇ ತುಂಡರಿಸದೆ ಎಬ್ಬಿಸಿ. ಆಗದಿದ್ದರೆ ಪ್ರತಿ ಸ್ಟಡ್‌ಗೂ ಬಾಗದ ಬೇಸ್ ಬ್ರಾಕೆಟ್ ಕೊಡಿ. ಬ್ರಾಕೆಟ್ಟನ್ನು ಕಾಂಕ್ರೀಟಿಗೆ ಬಿಗಿಯುವ ಆಂಕರ್ ಬೋಲ್ಟಿಗೂ ಬ್ರಾಕೆಟ್ ಒತ್ತುವ ಜಾಗಕ್ಕೂ 100 ಮಿ.ಮೀ. ಇದ್ದರೆ ಬೋಲ್ಟಿನ ಎಳೆತ 0.43 ÷ 0.1 = 4.3 ಕಿಲೋನ್ಯೂಟನ್. ಬೋಲ್ಟ್ ಸ್ಲ್ಯಾಬ್ ಅಂಚಿಗೆ ತೀರಾ ಹತ್ತಿರವಾದರೆ ಮೊದಲು ಕಾಂಕ್ರೀಟೇ ಒಡೆಯುತ್ತದೆ.

ಕೋಪಿಂಗ್ (ಪ್ಯಾರಪೆಟ್ ತಲೆಯ ಹೊದಿಕೆ) ಟೆರೇಸ್ ಕಡೆಗೆ ಇಳಿಜಾರಾಗಿರಲಿ. ನೀರು ಒಳಗಿಳಿದರೆ ಬುಡದಲ್ಲೇ ನಿಂತು ಟ್ರ್ಯಾಕ್, ಬ್ರಾಕೆಟ್‌ಗಳಿಗೆ ತುಕ್ಕು ಹಿಡಿಸುತ್ತದೆ.