ಸಂಕಥನ ವಿಶ್ಲೇಷಣೆಯಲ್ಲಿ ಸಂಶೋಧನೆಗೆ ಅವಕಾಶ ಹುಡುಕಿಕೊಂಡ ಬಗೆ

ಸಂಕಥನ ವಿಶ್ಲೇಷಣೆಗೆ, ಅಂದರೆ ಮಾತು ಮತ್ತು ಬರಹ ನಿಜ ಸಂದರ್ಭಗಳಲ್ಲಿ ಹೇಗೆ ಬಳಕೆಯಾಗುತ್ತವೆ ಎಂಬುದರ ಅಧ್ಯಯನಕ್ಕೆ, ಸಂಬಂಧಿಸಿದ ಸಂಶೋಧನಾ ಹುದ್ದೆಗಳು ಅದೇ ಹೆಸರಿನಲ್ಲಿ ಪ್ರಕಟವಾಗುವುದು ಅಪರೂಪ. ಜೆಲಿಗ್ ಹ್ಯಾರಿಸ್ 1952ರಲ್ಲಿ ಈ ಹೆಸರಿನ ಲೇಖನ ಬರೆದದ್ದು ಭಾಷಾವಿಜ್ಞಾನಿಯಾಗಿಯೇ ಆದರೂ, ಇದಕ್ಕೆ ಹತ್ತಿರದ, ದಿನನಿತ್ಯದ ಮಾತುಕತೆಯನ್ನು ಸೂಕ್ಷ್ಮವಾಗಿ ನೋಡುವ ಸಂಭಾಷಣಾ ವಿಶ್ಲೇಷಣೆ ಬೆಳೆದದ್ದು ಸಮಾಜಶಾಸ್ತ್ರದಲ್ಲಿ; ತರಗತಿಯ ಮಾತುಕತೆಯ ಅಧ್ಯಯನ ಶಿಕ್ಷಣಶಾಸ್ತ್ರದಲ್ಲೂ, ವೈದ್ಯರು ಮತ್ತು ರೋಗಿಗಳ ಮಾತುಕತೆಯ ಅಧ್ಯಯನ ಆರೋಗ್ಯ ಸಂಶೋಧನೆಯಲ್ಲೂ ನೆಲೆಯೂರಿವೆ. ಹೀಗಾಗಿ ನಾನು ವಿಭಾಗಗಳ ಹೆಸರನ್ನು ನೆಚ್ಚಿಕೊಳ್ಳದೆ, ‘ಡಿಸ್ಕೋರ್ಸ್ ಸ್ಟಡೀಸ್’, ‘ಡಿಸ್ಕೋರ್ಸ್ ಅಂಡ್ ಸೊಸೈಟಿ’ಯಂತಹ ನಿಯತಕಾಲಿಕೆಗಳಲ್ಲಿ ನನಗೆ ಬೇಕಾದ ಬಗೆಯ ದತ್ತಾಂಶವನ್ನು ಬಳಸಿದವರು ಯಾರು, ಅವರು ಯಾವ ವಿಭಾಗದಲ್ಲಿದ್ದಾರೆ, ಆ ಕೆಲಸಕ್ಕೆ ಧನಸಹಾಯ ಕೊಟ್ಟವರು ಯಾರು ಎಂಬುದನ್ನು ಗುರುತು ಹಾಕಿಕೊಳ್ಳುತ್ತಾ ಹೋದೆ. ಲೇಖನದ ಕೊನೆಯಲ್ಲಿ ಬರುವ ಕೃತಜ್ಞತೆಯ ಸಾಲುಗಳನ್ನು ಹೆಚ್ಚಿನವರು ಓದುವುದಿಲ್ಲ. ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಅವೇ.

ಸಂಶೋಧನಾ ಪ್ರಸ್ತಾವನೆಯ ಕರಡಿನಲ್ಲಿ, ಭಾಷೆಗೂ ಅಧಿಕಾರಕ್ಕೂ ಇರುವ ನಂಟನ್ನು ವಿಶ್ಲೇಷಿಸಿದ ಫೇರ್‌ಕ್ಲೋ, ವ್ಯಾನ್ ಡೈಕ್, ವೊಡಾಕ್ ಇವರ ಸಿದ್ಧಾಂತಗಳನ್ನು ಒಂದೇ ಪ್ಯಾರಾದಲ್ಲಿ ಮುಗಿಸಿ, ಉಳಿದ ಜಾಗವನ್ನು ದತ್ತಾಂಶಕ್ಕೆ ಬಿಟ್ಟೆ. ಸಂಬಂಧಪಟ್ಟವರ ಲಿಖಿತ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಂಡಿದ್ದ ವೈದ್ಯಕೀಯ ಭೇಟಿಯೊಂದರ ತುಣುಕನ್ನು, ಮಾತಿನ ನಡುವಿನ ಮೌನವನ್ನೂ ದಾಖಲಿಸಲು ಸಂಭಾಷಣಾ ವಿಶ್ಲೇಷಕಿ ಗೇಲ್ ಜೆಫರ್ಸನ್ ರೂಪಿಸಿದ ಸಂಕೇತಗಳಲ್ಲಿ ಅಕ್ಷರಕ್ಕಿಳಿಸಿ ಜೊತೆಗಿಟ್ಟೆ. ಅದರಲ್ಲಿ ವೈದ್ಯರು “ಈ ಮಾತ್ರೆ ಶುರು ಮಾಡೋಣ” ಎನ್ನುತ್ತಾರೆ, ಮುಂದಿನ ಸಾಲಿನಲ್ಲಿ ಆವರಣದೊಳಗೆ (0.9) ಎಂದಷ್ಟೇ ಇದೆ, ಅಂದರೆ ಸೆಕೆಂಡಿನ ಹತ್ತನೇ ಒಂಬತ್ತು ಭಾಗದಷ್ಟು ಮೌನ, ಅದರ ಬೆನ್ನಿಗೇ ವೈದ್ಯರು ತಾವಾಗಿಯೇ “ಬೇಡವೆಂದರೆ ಸ್ವಲ್ಪ ಕಾದು ನೋಡಬಹುದು” ಎನ್ನುತ್ತಾರೆ. ರೋಗಿ ತುಟಿ ಬಿಚ್ಚಿಲ್ಲ, ಆದರೂ ಆ ಮೌನವನ್ನು ವೈದ್ಯರು ಒಪ್ಪದಿರುವಿಕೆಯೆಂದೇ ಗ್ರಹಿಸಿದ್ದಾರೆ ಎಂಬುದಕ್ಕೆ ಅವರ ಮುಂದಿನ ಮಾತೇ ಸಾಕ್ಷಿ. ಚಿಕಿತ್ಸೆಯ ನಿರ್ಧಾರದಲ್ಲಿ ರೋಗಿಯ ಪಾಲೆಷ್ಟು ಎಂಬ ನನ್ನ ಸಂಶೋಧನಾ ಪ್ರಶ್ನೆಗೆ ಈ ಮೂರು ಸಾಲುಗಳಿಗಿಂತ ಉತ್ತಮ ಪೀಠಿಕೆ ಬೇರೆ ಬೇಕಿರಲಿಲ್ಲ.

ಮಾರ್ಗದರ್ಶಕರಾಗಬಹುದಾದವರಿಗೆ ಬರೆದ ಪತ್ರಗಳಲ್ಲೂ ಇದೇ ತುಣುಕನ್ನು ಇಟ್ಟಿದ್ದೆ. ಆಸಕ್ತಿಯನ್ನಷ್ಟೇ ವಿವರಿಸುವ ಪತ್ರಕ್ಕೆ ಸೌಜನ್ಯದ ಉತ್ತರ ಬರುತ್ತದೆ. ದತ್ತಾಂಶ ಕಂಡವರು ತಮ್ಮದೇ ಓದನ್ನು ಮುಂದಿಟ್ಟು ವಾದಕ್ಕೆ ಇಳಿಯುತ್ತಾರೆ, ಕೆಲವರು ತಮ್ಮ ಗುಂಪಿನ ‘ಡೇಟಾ ಸೆಷನ್’ಗೂ ಕರೆಯುತ್ತಾರೆ. ಹಲವರು ಒಟ್ಟಿಗೆ ಕುಳಿತು ಅರ್ಧ ನಿಮಿಷದ ಧ್ವನಿಮುದ್ರಣವನ್ನು ಪದೇ ಪದೇ ಕೇಳಿ ಚರ್ಚಿಸುವ ಈ ಕೂಟಗಳೇ, ನನ್ನ ಮಟ್ಟಿಗೆ, ಸಮ್ಮೇಳನಗಳಿಗಿಂತ ಹೆಚ್ಚು ಬಾಗಿಲುಗಳನ್ನು ತೆರೆದವು.

ಸ್ವಂತ ಧ್ವನಿಮುದ್ರಣ ಕೈಗೂಡದವರು ಟಾಕ್‌ಬ್ಯಾಂಕ್‌ನಂತಹ ಮಾತುಕತೆಯ ದತ್ತಾಂಶ ಸಂಗ್ರಹಗಳಿಂದ, ಅಲ್ಲಿನ ನಿಯಮಗಳಿಗೆ ಒಳಪಟ್ಟು, ಆರಂಭಿಸಬಹುದು. ಮಾತನ್ನೂ ವಿಡಿಯೊವನ್ನೂ ಹೊಂದಿಸಿ ಗುರುತಿಸಲು ಈಲಾನ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ನೈತಿಕ ಸಮಿತಿಯ ಅನುಮತಿಯ ವಿಷಯವನ್ನು ಮಾತ್ರ ಮುಂದೂಡಬಾರದು. ಸಂದರ್ಶನದಲ್ಲಿ ನನ್ನನ್ನು ಹೆಚ್ಚು ಕೇಳಿದ್ದು ಸಿದ್ಧಾಂತದ ಬಗ್ಗೆ ಅಲ್ಲ. ಧ್ವನಿಮುದ್ರಿಕೆಗಳನ್ನು ಎಲ್ಲಿ ಇಡುತ್ತೀರಿ, ಹೆಸರುಗಳನ್ನು ಹೇಗೆ ಮರೆಮಾಡುತ್ತೀರಿ, ರೋಗಿಯು ಒಪ್ಪಿಗೆಯನ್ನು ಹಿಂತೆಗೆದುಕೊಂಡರೆ ಏನು ಮಾಡುತ್ತೀರಿ ಎಂದೇ.