ಚಾಕುವಿನ ಬೆನ್ನು: ಎಲ್ಲಿ ಉಜ್ಜಬೇಕು, ಎಲ್ಲಿ ಬಿಡಬೇಕು

4 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಯಿಂದ ಮಾಡಿದ ಚಾಕು ಎಷ್ಟೇ ಹರಿತವಿದ್ದರೂ ಚುಚ್ಚುವಾಗ ತಡೆಯುತ್ತದೆ. ಬಾಯಿ (ಕತ್ತರಿಸುವ ಅಂಚು) ಕಡೆ ಎಷ್ಟು ತೆಳುಮಾಡಿದರೂ ಬೆನ್ನು ಮೊನೆಯ ಹತ್ತಿರದವರೆಗೂ ದಪ್ಪವಾಗಿಯೇ ಉಳಿದಿರುತ್ತದೆ. ಬೆನ್ನಿನ ಎರಡೂ ಮೂಲೆಗಳನ್ನು ಓರೆಯಾಗಿ ಉಜ್ಜಿ ಈ ದಪ್ಪ ಇಳಿಸುವುದೇ ಸ್ವೆಜ್. ಮೊನೆ ಸಲೀಸಾಗಿ ಒಳಹೋಗುತ್ತದೆ, ಮುಂಭಾರ ಇಳಿದು ತೂಕ ಹಿಡಿಯ ಕಡೆ ಸರಿಯುತ್ತದೆ.

ಸ್ವೆಜ್‌ನ ಬಹುಪಾಲು ಕೆಲಸವನ್ನು ಅಲಗು ಕಾಯಿಸಿ ಗಟ್ಟಿ ಮಾಡುವ ಮೊದಲೇ ಮುಗಿಸುತ್ತೇನೆ. ಬೆನ್ನಿಗೆ ಮಾರ್ಕರ್ ಬಳಿದು, ನಡುವೆ 1 ಮಿ.ಮೀ. ಸಮತಟ್ಟು ಉಳಿಯುವಂತೆ ಎರಡು ಗೆರೆ ಗೀರುತ್ತೇನೆ. ಅಲಗಿನ ಎರಡೂ ಮುಖಗಳ ಮೇಲೆ ಓರೆ ಎಲ್ಲಿಂದ ಶುರುವಾಗಬೇಕು ಎಂಬ ಗುರುತು. ಉಜ್ಜುವ ಯಂತ್ರದ 120ರ (ಒರಟುತನದ ಅಂಕಿ, ಹೆಚ್ಚಿದಷ್ಟೂ ನುಣುಪು) ಬೆಲ್ಟ್‌ನಲ್ಲಿ ಎಡಕ್ಕೊಂದು ಎಳೆತ, ಬಲಕ್ಕೊಂದು ಎಳೆತ. ಒಂದೇ ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಎರಡೂ ಸಮ ಬರುವುದಿಲ್ಲ. ಹಿಡಿಯ ಕಡೆಯ ಗುರುತಿಗಿಂತ 2–3 ಮಿ.ಮೀ. ಮುಂದೆಯೇ ಶುರುಮಾಡಿ, ನಿಧಾನವಾಗಿ ಗುರುತಿನವರೆಗೆ ಹಿಂದೆ ತರಬೇಕು. ಒಂದು ಬದಿ ಗುರುತು ದಾಟಿದರೆ ಇನ್ನೊಂದನ್ನೂ ಅಲ್ಲಿಯವರೆಗೆ ಒಯ್ಯದೆ ಬೇರೆ ದಾರಿಯಿಲ್ಲ.

ಹೆಚ್ಚು ಚಾಕುಗಳು ಕೆಡುವುದು ಮೊನೆಯಲ್ಲಿ. ಕೆಳಗಿನಿಂದ ಬಾಯಿಯ ಇಳಿಜಾರು, ಮೇಲಿನಿಂದ ಸ್ವೆಜ್, ಎರಡೂ ಅಲ್ಲಿ ಸೇರುತ್ತವೆ. ಅತಿಯಾಗಿ ಉಜ್ಜಿದರೆ ಪಕ್ಕಕ್ಕೆ ಸ್ವಲ್ಪ ತಿರುಚಿದರೂ ಮುರಿಯುತ್ತದೆ. ಗಟ್ಟಿ ಮಾಡಿದ ಮೇಲಂತೂ ತೆಳು ಮೊನೆ ಕ್ಷಣದಲ್ಲಿ ಕಾಯುತ್ತದೆ. ಬರಿಗೈಯಲ್ಲಿ ಹಿಡಿದು, ಪ್ರತಿ ಎಳೆತಕ್ಕೂ ನೀರಿನಲ್ಲಿ ಅದ್ದುತ್ತೇನೆ. ಕಾರ್ಬನ್ ಉಕ್ಕು ನೀಲಿಗೆ ತಿರುಗಿದರೆ ಅಷ್ಟು ಭಾಗದ ಹದ ಹೋದಂತೆಯೇ. ಬಣ್ಣ ಒರೆಸಿದರೆ ಹದ ಮರಳುವುದಿಲ್ಲ. ಅಷ್ಟನ್ನೂ ಉಜ್ಜಿ ತೆಗೆಯಬೇಕು, ಇಲ್ಲವೇ ಮತ್ತೆ ಗಟ್ಟಿ ಮಾಡಬೇಕು.

ಸ್ವೆಜ್ ಅನ್ನು ಹರಿತ ಮಾಡಿಸಿಕೊಳ್ಳುವ ಆಸೆ ಕೆಲವರಿಗೆ. ಬೆನ್ನ ಮೇಲೆ ಬೆರಳಿಡಲು ಆಗುವುದಿಲ್ಲ, ಒರೆಯೂ ಹರಿಯುತ್ತದೆ. ಹಲವು ದೇಶಗಳ ಕಾನೂನಿನಲ್ಲಿ ಎರಡೂ ಕಡೆ ಬಾಯಿಯಿರುವ ಚಾಕುವಿನ ವರ್ಗವೇ ಬೇರೆ.

ಕಾಡಿನ ಕೆಲಸದ ಚಾಕುವಿಗೆ ನಾನು ಸ್ವೆಜ್ ಕೊಡುವುದೇ ಇಲ್ಲ. ಸೌದೆ ಸೀಳಲು ಬೆನ್ನಿಗೆ ಕೊರಡಿನಿಂದ ಹೊಡೆದಾಗ ಆ ಓರೆ ಕೊರಡನ್ನು ಕಚ್ಚಿ ತಿನ್ನುತ್ತದೆ. ಫೆರೋ ಕಡ್ಡಿಯಿಂದ (ಕೆರೆದರೆ ಕಿಡಿ ಬರುವ ಲೋಹದ ಕಡ್ಡಿ) ಕಿಡಿ ಹಾರಿಸಲು, ತೊಗಟೆ ಕೆರೆಯಲು ಬೇಕಾಗಿರುವುದು ನೇರ 90 ಡಿಗ್ರಿಯ ಚೂಪು ಮೂಲೆ. ಗಟ್ಟಿ ಮಾಡುವ ಮೊದಲೇ ಅರದಿಂದ ಮಟ್ಟ ಮಾಡಿಡಿ, ಆಮೇಲೆ ಅರ ಹಿಡಿಯದೆ ಜಾರುತ್ತದೆ. ಕೊನೆಗೆ ಸಾಣೆಕಲ್ಲಿನ ಮೇಲೆ ಬೆನ್ನನ್ನು ನೆಟ್ಟಗೆ ನಿಲ್ಲಿಸಿ ಉಜ್ಜಿದರೆ ಮೂಲೆ ಚೂಪಾಗುತ್ತದೆ. ಅರ ಬಿಟ್ಟ ಸಿಬಿರು ಮೊದಲೆರಡು ದಿನ ಚೆನ್ನಾಗಿ ಕಿಡಿ ಕೊಟ್ಟು ಸವೆದುಹೋಗುತ್ತದೆ, ಅದನ್ನು ನಂಬಬೇಡಿ. ಹೆಬ್ಬೆರಳು ಕೂರುವ ಜಾಗ ಬಿಟ್ಟು 4–5 ಸೆಂ.ಮೀ. ಉದ್ದದ ಚೂಪು ಮೂಲೆ ಸಾಕು.

ಅಡುಗೆಮನೆಯ ಚಾಕುವಿನ ಲೆಕ್ಕ ಇದಕ್ಕೆ ತದ್ವಿರುದ್ಧ. ತೋರುಬೆರಳು ಹಿಡಿಯ ಮುಂದೆ ಬೆನ್ನಿನ ಮೂಲೆಗೇ ಒತ್ತಿರುತ್ತದೆ. ಅಲ್ಲಿ ಚೂಪಿದ್ದರೆ ಅರ್ಧ ಗಂಟೆಯಲ್ಲಿ ಗುಳ್ಳೆ. ಬಾಯಿಗೆ ಟೇಪ್ ಸುತ್ತಿ, ವೈಸ್‌ನಲ್ಲಿ ಬೆನ್ನು ಮೇಲಾಗಿ ಕಚ್ಚಿಸಿ, ಎಮರಿ ಪೇಪರಿನ ಪಟ್ಟಿಯನ್ನು ಬೂಟು ಪಾಲಿಶ್ ಮಾಡುವಂತೆ ಆಚೀಚೆ ಎಳೆಯುತ್ತೇನೆ: 220, 400, 800. ಇದರಲ್ಲಿ ಅಲಂಕಾರದ ಸ್ವೆಜ್‌ಗೆ ಕೆಲಸವಿಲ್ಲ. ಬೇಕಾದದ್ದು ಬುಡದಿಂದ ಮೊನೆಗೆ ಇಳಿಯುತ್ತ ಹೋಗುವ ದಪ್ಪ: ಬುಡದಲ್ಲಿ 2.5 ಮಿ.ಮೀ., ನಡುವೆ 1.8, ಮೊನೆಗೆ 1 ಸೆಂ.ಮೀ. ಹಿಂದೆ 0.8. ಇದನ್ನು ಬಾಯಿಯ ಇಳಿಜಾರಿಗಿಂತ ಮೊದಲೇ ಮಾಡಿ. ಆಮೇಲೆ ಪಕ್ಕಗಳನ್ನು ತೆಳುಮಾಡಹೊರಟರೆ ಇಳಿಜಾರಿನ ಗೆರೆ ಬಾಯಿಯ ಕಡೆಗೆ ಜಾರಿ, ಅಳೆದು ಮಾಡಿದ್ದೆಲ್ಲ ಕೆಡುತ್ತದೆ.